ಜಲವರ್ಣದ ಹಳ್ಳಿಯಲ್ಲಿ ದುಡಿಯುವವರೇ ಇಲ್ಲ

ಶಾಲೆಯ ಚಿತ್ರಕಲಾ ಸ್ಪರ್ಧೆಗೆ ‘ನಮ್ಮ ಹಳ್ಳಿ’ ಎಂದು ವಿಷಯ ಕೊಟ್ಟು ನೋಡಿ. ಎರಡು ಗುಡ್ಡದ ನಡುವೆ ಸೂರ್ಯ, ಹುಲ್ಲಿನ ಗುಡಿಸಲು, ಹೊಳೆ, ಬಿಂದಿಗೆ ಹೊತ್ತ ಹೆಂಗಸು. ಹರಿಹರ ತಾಲ್ಲೂಕಿನ ಸಾರಥಿಯಂಥ ಊರಿನ ಮಕ್ಕಳೂ ಇದನ್ನೇ ಬರೆಯುತ್ತಾರೆ, ಕಿಟಕಿಯಾಚೆ ಟ್ರ್ಯಾಕ್ಟರ್ ಓಡುತ್ತಿದ್ದರೂ.

ನಮ್ಮ ಹಳ್ಳಿ ಹಿಂದೆ ಹೀಗೇ ಇತ್ತು ಎಂಬುದು ಮೊದಲ ತಪ್ಪು ಕಲ್ಪನೆ. ಈ ಚಿತ್ರದ ಅಚ್ಚು ಬಂದದ್ದು ಇಂಗ್ಲೆಂಡಿನ ಜಲವರ್ಣದಿಂದ. ಮುಂದೆ ಕಪ್ಪು ಮರ, ನಡುವೆ ನೀರು, ಹಿಂದೆ ಮಸುಕಾದ ಬೆಟ್ಟ ಎಂಬ ಜೋಡಣೆಯನ್ನು ಜನಪ್ರಿಯಗೊಳಿಸಿದವರಲ್ಲಿ ವಿಲಿಯಂ ಗಿಲ್ಪಿನ್ ಮುಖ್ಯ. ವೈ ನದಿಯ ಬಗ್ಗೆ ಅವನ ಪುಸ್ತಕ ಬಂದದ್ದು 1782ರಲ್ಲಿ. ಬೆವರು ಸುರಿಸುವವನಿಗಿಂತ ಸುಮ್ಮನೆ ನಿಂತ ಹಳ್ಳಿಗನೇ ಚಿತ್ರಕ್ಕೆ ಒಪ್ಪುತ್ತಾನೆ ಎಂಬುದು ಅವನ ಮತ. ನಮ್ಮ ಚಿತ್ರಗಳಿಂದ ರೈತ ಕಾಣೆಯಾದದ್ದರ ಬೇರು ಇಲ್ಲಿದೆ ಎಂದು ನನಗನಿಸುತ್ತದೆ.

ಕಣ್ಣಾರೆ ಕಂಡು ಬರೆದದ್ದು ಸುಳ್ಳಾಗದು ಎನ್ನುವವರಿದ್ದಾರೆ. ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ 1792ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಿದರು. ಕ್ಯಾಮೆರಾ ಅಬ್ಸ್ಕ್ಯೂರಾ ಎಂಬ ಬಿಂಬ ಬೀಳಿಸುವ ಪೆಟ್ಟಿಗೆ ಇಟ್ಟುಕೊಂಡು ಕೋಟೆ, ಗುಡಿಗಳ ಅಳತೆ ಹಿಡಿದರು. ಆ ಅಳತೆ ನಂಬಬಹುದು. ಆದರೆ ಮೂರನೇ ಮೈಸೂರು ಯುದ್ಧ ಆಗಷ್ಟೇ ಮುಗಿದಿತ್ತು, ಉತ್ತರದ ಸೀಮೆಯನ್ನು ಡೋಗಿ ಬರ ಸುಟ್ಟಿತ್ತು. ಅವರ ಬೆಟ್ಟಗಳ ಮೇಲಿನ ತಿಳಿ ಬೆಳಕಿನಲ್ಲಿ ಆ ಹಸಿವಿಗೆ ಜಾಗವಿಲ್ಲ.

ಹಳೆಯ ಬದುಕು ಬೇಕಿದ್ದರೆ ಚಿತ್ರಕ್ಕಿಂತ ಫ್ರಾನ್ಸಿಸ್ ಬುಕಾನನ್ ಬರಹ ಮೇಲು. 1801ರಲ್ಲಿ ಹರಿಹರ, ದಾವಣಗೆರೆಗಳ ಮೂಲಕ ಹಾದ ಈ ವೈದ್ಯ ಬೆಳೆ, ಮಣ್ಣು, ವ್ಯಾಪಾರಗಳನ್ನು ವಿಚಾರಿಸುತ್ತ ಹೋದ. ದಾವಣಗೆರೆಯ ಕಂಬಳಿಯನ್ನೂ ದಾಖಲಿಸಿದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಬರಹದಲ್ಲಿ ಸೊಗಸು ಕಡಿಮೆ, ಮನುಷ್ಯರು ಹೆಚ್ಚು.

ಇಂಗ್ಲೆಂಡಿನ ಹಳ್ಳಿಯಾದರೂ ಆ ಚಿತ್ರಗಳಂತೆ ಇತ್ತೇ? ಅದೂ ಇಲ್ಲ. ಸ್ಯಾಮ್ಯುಯೆಲ್ ಪಾಮರ್ ಕೆಂಟ್ ಪ್ರಾಂತ್ಯದ ಶೋರ್‌ಹ್ಯಾಮ್‌ನಲ್ಲಿ ಬೆಳದಿಂಗಳ ತೆನೆಗಳನ್ನು ಚಿತ್ರಿಸುತ್ತಿದ್ದ ಕಾಲದಲ್ಲೇ, 1830ರಲ್ಲಿ, ಅದೇ ಪ್ರಾಂತ್ಯದ ಕೂಲಿಗಳು ಒಕ್ಕಣೆ ಯಂತ್ರಗಳನ್ನು ಒಡೆದು ಹಾಕಿದರು. ಚಳಿಗಾಲದಲ್ಲಿ ಅವರಿಗೆ ಅನ್ನ ಕೊಡುತ್ತಿದ್ದುದು ಕೈಯಿಂದ ಒಕ್ಕುವ ಕೆಲಸ. ಯಂತ್ರ ಅದನ್ನೇ ಕಿತ್ತುಕೊಂಡಿತ್ತು.

ಪಾಮರನ ಚಿತ್ರ ಚೆಂದ, ಅದನ್ನು ಪ್ರೀತಿಸೋಣ. ಆದರೆ ಚಿತ್ರಕಲಾ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ: ಮುಂದಿನ ನಾಟಿಯ ಹೊತ್ತಿಗೆ ಮಕ್ಕಳನ್ನು ಗದ್ದೆಯ ಬದುವಿಗೆ ಕರೆದೊಯ್ಯಿರಿ. ಬಗ್ಗಿ ನಿಂತ ಬೆನ್ನುಗಳನ್ನು ಮೊದಲು ಬರೆಯಲಿ, ಸೂರ್ಯನನ್ನು ಆಮೇಲೆ.