ಕ್ರಾಕೆನ್ ಹಿಡಿದ ಕಥೆ: ಆಟಗಾರರ ದೂರು, ತಯಾರಕರ ಉತ್ತರ

ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಬಂದು "ಸರ್, ರೀಡಿಂಗ್ ಸರಿ ಬರ್ತಾ ಇಲ್ಲ" ಎಂದರೆ ಅಧ್ಯಾಪಕರಾದ ನೀವು ಏನು ಮಾಡುತ್ತೀರಿ? ಉಪಕರಣವನ್ನು ಮುಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತೀರಿ. ಎಷ್ಟು ಬರಬೇಕಿತ್ತು, ಎಷ್ಟು ಬಂತು? ಇನ್ನೊಮ್ಮೆ ಮಾಡಿದರೂ ಅಷ್ಟೇ ಬರುತ್ತದೆಯೆ? ನಡುವೆ ಏನನ್ನಾದರೂ ಬದಲಾಯಿಸಿದೆಯಾ? ಈ ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ವಿದ್ಯಾರ್ಥಿಯದು ಬರೀ ದೂರು; ಉತ್ತರ ಸಿಕ್ಕ ಮೇಲೆ ಅದು ಒಂದು ವೀಕ್ಷಣೆ.

ವಿಡಿಯೊ ಆಟಗಳನ್ನು ತಯಾರಿಸುವವರಿಗೆ ಪ್ರತಿದಿನವೂ ಇಂಥ ದೂರುಗಳು ಬರುತ್ತವೆ. ಹಿಂದೆ ಆಟವೊಂದು ಡಿಸ್ಕಿನಲ್ಲಿ ಅಚ್ಚಾಗಿ ಅಂಗಡಿ ಸೇರಿದರೆ ಮುಗಿಯಿತು. ಅದರ ತಪ್ಪುಗಳೂ ಅದರೊಡನೆಯೇ ಶಾಶ್ವತ. ಅಂತರಜಾಲ ಬಂದ ಮೇಲೆ ಅರ್ಧ ಬೆಳೆದ ಆಟವನ್ನೇ ಮಾರಿ, ಆಡುವವರು ಹೇಳಿದ್ದನ್ನು ಕೇಳುತ್ತ ಬೆಳೆಸುವ ಪದ್ಧತಿ ರೂಢಿಗೆ ಬಂದಿದೆ. ಈ ಸಂವಾದ ಹೇಗೆ ನಡೆಯುತ್ತದೆ, ಎಲ್ಲಿ ಫಲಿಸುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಭೌತವಿಜ್ಞಾನದವರಿಗೆ ಹತ್ತಿರವಾದ ಒಂದು ಆಟದ ಮೂಲಕ ನೋಡೋಣ.

ಆಟದ ಹೆಸರು ಕೆರ್ಬಲ್ ಸ್ಪೇಸ್ ಪ್ರೋಗ್ರಾಂ. ಮೆಕ್ಸಿಕೊ ನಗರದ ಸ್ಕ್ವಾಡ್ ಎಂಬ ಸಂಸ್ಥೆಯಲ್ಲಿ ಫೆಲಿಪೆ ಫಲಾಂಗೆ ಎಂಬ ತರುಣ ಇದನ್ನು ಆರಂಭಿಸಿದರು. ಮೊದಲ ಸಾರ್ವಜನಿಕ ಆವೃತ್ತಿ ಹೊರಬಂದದ್ದು 2011ರ ಜೂನ್‌ನಲ್ಲಿ; 'ಪೂರ್ಣ' ಎನ್ನಿಸಿಕೊಂಡ 1.0 ಆವೃತ್ತಿ ಬಂದದ್ದು 2015ರ ಏಪ್ರಿಲ್‌ನಲ್ಲಿ. ನಡುವಿನ ಸುಮಾರು ನಾಲ್ಕು ವರ್ಷ ಆಟಗಾರರೇ ಅದರ ಪರೀಕ್ಷಕರು. ಕೆರ್ಬಿನ್ ಎಂಬ ಕಲ್ಪಿತ ಗ್ರಹದಿಂದ ನೀವು ರಾಕೆಟ್ ಜೋಡಿಸಿ ಹಾರಿಸಬೇಕು. ಗ್ರಹದ ತ್ರಿಜ್ಯ 600 ಕಿ.ಮೀ., ನೆಲದ ಮೇಲಿನ ಗುರುತ್ವ ವೇಗೋತ್ಕರ್ಷ ನಮ್ಮ ಭೂಮಿಯಷ್ಟೇ. ಕಕ್ಷೆಗಳು ನ್ಯೂಟನ್ ಮತ್ತು ಕೆಪ್ಲರ್ ಹೇಳಿದಂತೆ ನಡೆಯುತ್ತವೆ. ಅನೇಕ ದೇಶಗಳಲ್ಲಿ ಅಧ್ಯಾಪಕರು ಇದನ್ನು ತರಗತಿಗೂ ತಂದರು. ಆದ್ದರಿಂದ ಇದರೊಳಗಿನ ತಪ್ಪು ಆಟದ ತಪ್ಪಾಗಿಯಷ್ಟೇ ಉಳಿಯುವುದಿಲ್ಲ. ಯಾರೋ ಒಬ್ಬ ಹುಡುಗ ಅದನ್ನೇ ಭೌತವಿಜ್ಞಾನವೆಂದು ಕಲಿತುಬಿಡುತ್ತಾನೆ.

ಆರಂಭದ ವರ್ಷಗಳಲ್ಲಿ ಆಟಗಾರರಿಂದ ಬಂದ ಒಂದು ವಿಚಿತ್ರ ದೂರು ಇದು: ಅಂತರಿಕ್ಷದಲ್ಲಿ ವೇಗವಾಗಿ ಸಾಗುತ್ತಿರುವ ನೌಕೆ, ಏನೂ ತಗುಲದಿದ್ದರೂ, ನಡುಗಲಾರಂಭಿಸಿ ಚೂರುಚೂರಾಗುತ್ತದೆ. ಸ್ಕ್ಯಾಂಡಿನೇವಿಯದ ಜನಪದ ಕಥೆಗಳಲ್ಲಿ ಹಡಗುಗಳನ್ನು ನುಂಗುವ ಕ್ರಾಕೆನ್ ಎಂಬ ಕಡಲಭೂತವಿದೆ. ಆಟಗಾರರು ಈ ದೋಷಕ್ಕೆ ಅದೇ ಹೆಸರನ್ನಿಟ್ಟರು. ಹೆಸರಿಟ್ಟದ್ದು ತಮಾಷೆಗಾದರೂ ಅದರಿಂದ ಒಂದು ಪ್ರಯೋಜನವಾಯಿತು. ಬೇರೆ ಬೇರೆ ಜನರು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಿದ್ದುದು ಒಂದೇ ವಿದ್ಯಮಾನವೆಂದು ಗುರುತಿಸುವುದು ಸುಲಭವಾಯಿತು.

ಅಲುಗಾಡುವ ರಾಕೆಟ್ಟಿಗೆ ಆಟಗಾರರ ಬಳಿ ಒಂದೇ ಮದ್ದು: ಇನ್ನಷ್ಟು ಆಧಾರ ಸಲಾಕೆಗಳನ್ನು ಬಿಗಿಯುವುದು. ಕ್ರಾಕೆನ್‌ಗೆ ಆ ಮದ್ದು ತಾಗುವಂತಿರಲಿಲ್ಲ. ದೋಷ ಕೀಲುಗಳಲ್ಲಿರಲಿಲ್ಲ, ಸಂಖ್ಯೆಗಳಲ್ಲಿತ್ತು.

ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆಟ ನಿಂತಿದ್ದ ಯೂನಿಟಿ ಎಂಬ ತಂತ್ರಾಂಶ ಸ್ಥಾನ ಮತ್ತು ವೇಗಗಳನ್ನು 24 ದ್ವಿಮಾನ ಅಂಕಿಗಳಷ್ಟು ನಿಖರತೆಯಲ್ಲಿ ಇಟ್ಟುಕೊಳ್ಳುತ್ತದೆ. ಅಂದರೆ ದಶಮಾಂಶದಲ್ಲಿ ಸುಮಾರು ಏಳು ಅಂಕಿ. ಏಳೇ ಅಂಕಿ ತೋರಿಸುವ ಕ್ಯಾಲ್ಕುಲೇಟರಿನಲ್ಲಿ 1234567ಕ್ಕೆ 0.4 ಕೂಡಿಸಿ ನೋಡಿ, ಆ 0.4 ಎಲ್ಲಿ ಹೋಯಿತೆಂದೇ ತಿಳಿಯದು. ಗ್ರಹದ ಕೇಂದ್ರವನ್ನು ಮೂಲಬಿಂದುವಾಗಿಟ್ಟುಕೊಂಡರೆ 600 ಕಿ.ಮೀ. ದೂರದ ನೆಲದ ಮೇಲೆ ಅಕ್ಕಪಕ್ಕದ ಎರಡು ಸಾಧ್ಯ ಸ್ಥಾನಗಳ ನಡುವೆ 6.25 ಸೆಂ.ಮೀ. ಅಂತರವಿರುತ್ತದೆ. ಈ ಲೋಕದ ಸೂರ್ಯನನ್ನೇ ಮೂಲಬಿಂದುವಾಗಿಟ್ಟುಕೊಂಡರೆ ಕೆರ್ಬಿನ್ ಇರುವುದು ಸುಮಾರು 1,360 ಕೋಟಿ ಮೀಟರು ದೂರದಲ್ಲಿ. ಅಲ್ಲಿ ಈ ಅಂತರ 1,024 ಮೀಟರು! ಒಂದು ಕಿಲೋಮೀಟರಿಗೊಂದು ಗೆರೆಯಿರುವ ಸ್ಕೇಲಿನಿಂದ ಸ್ಕ್ರೂ ಅಳೆದಂತೆ.

ನೌಕೆಯ ಭಾಗಗಳನ್ನು ಗಣಕ ಸ್ಪ್ರಿಂಗಿನಂಥ ಬಂಧಗಳಿಂದ ಕಟ್ಟಿರುತ್ತದೆ. ಎರಡು ಭಾಗಗಳ ಸ್ಥಾನ ಅಥವಾ ವೇಗದ ವ್ಯತ್ಯಾಸದಿಂದಲೇ ಬಲದ ಲೆಕ್ಕ. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಸಿಗುವ ಚಿಕ್ಕ ವ್ಯತ್ಯಾಸದಲ್ಲಿ ತಪ್ಪಿದ್ದರೆ ಇಲ್ಲದ ಎಳೆತ ಹುಟ್ಟುತ್ತದೆ, ಅದಕ್ಕೆ ಬಲ ಹುಟ್ಟುತ್ತದೆ, ಆ ಬಲದಿಂದ ಇನ್ನಷ್ಟು ಕಂಪನ. ಕೊನೆಗೆ ಕೀಲು ಹರಿಯುತ್ತದೆ.

ಮೊದಲ ಪರಿಹಾರ, ಮೂಲಬಿಂದುವನ್ನೇ ನೌಕೆಯೊಡನೆ ಕೊಂಡೊಯ್ಯುವುದು. ದೂರದ ತೊಂದರೆ ಅದರಿಂದ ಕಡಿಮೆಯಾಯಿತು. ಹೆಚ್ಚು ವೇಗದಲ್ಲಿ ಮಾತ್ರ ಕ್ರಾಕೆನ್ ಬರುತ್ತಲೇ ಇತ್ತು. ಕೆರ್ಬಿನ್‌ನಿಂದ 100 ಕಿ.ಮೀ. ಎತ್ತರದ ಕಕ್ಷೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 2,250 ಮೀಟರು ಎಂಬುದನ್ನು ನೆನಪಿಡಿ. 2012ರ ಸೆಪ್ಟೆಂಬರಿನಲ್ಲಿ ಬಂದ 0.17 ಆವೃತ್ತಿಯಲ್ಲಿ ವೇಗಕ್ಕೂ ಅದೇ ಉಪಾಯ ಮಾಡಿದರು. ವೇಗ ಒಂದು ಮಿತಿಯನ್ನು ದಾಟಿದರೆ ನೌಕೆಯನ್ನು ನಿಲ್ಲಿಸಿ, ಉಳಿದ ವಿಶ್ವವನ್ನೇ ಹಿಂದಕ್ಕೆ ಓಡಿಸುವುದು! ಗೆಲಿಲಿಯೊ ಹೇಳಿದ ಸಾಪೇಕ್ಷತೆಯನ್ನು ದೋಷ ನಿವಾರಣೆಗೆ ಬಳಸಿದ ಇಂಥ ಉದಾಹರಣೆ ಪಠ್ಯಪುಸ್ತಕದಲ್ಲಿ ಸಿಗದು.

ಆಟಗಾರರು ಇಲ್ಲಿ ಏನು ಕೊಟ್ಟರು? ಕಾರಣವನ್ನಲ್ಲ. ಯಾವ ಆವೃತ್ತಿಯಲ್ಲಿ, ಯಾವ ವೇಗದಲ್ಲಿ, ಯಾವ ನೌಕೆ ಒಡೆಯಿತು ಎಂಬುದನ್ನು. ಈ ಆಟದಲ್ಲಿ ನೌಕೆಯ ನಕ್ಷೆಯೂ ಆಡುತ್ತಿದ್ದ ಸ್ಥಿತಿಯೂ ಸಣ್ಣ ಕಡತವಾಗಿ ಉಳಿಯುತ್ತವೆ. ಅದನ್ನು ಕಳುಹಿಸಿದರೆ ಒಂದು ದೇಶದಲ್ಲಿ ಒಡೆದ ನೌಕೆಯನ್ನು ಮೆಕ್ಸಿಕೊದಲ್ಲಿ ಮತ್ತೆ ಒಡೆದು ನೋಡಬಹುದು. "ನಿಮ್ಮ ಆಟ ಕೆಟ್ಟಿದೆ" ಎಂಬ ನೂರು ಪತ್ರಗಳಿಗಿಂತ ಅಂಥ ಒಂದು ಕಡತ ಮೇಲು. ತಯಾರಕರ ಕಡೆಯಿಂದಲೂ ಇಂಥದೇ ಒಂದು ದಾಖಲೆ ಬರಬೇಕು: ಪ್ರತಿ ಆವೃತ್ತಿಯೊಡನೆ ಏನೇನು ಬದಲಾಯಿತು ಎಂಬ ಪಟ್ಟಿ. ಅದಿಲ್ಲದಿದ್ದರೆ ಆಟಗಾರ ಹಳೆಯ ಉಪಕರಣದ ರೀಡಿಂಗನ್ನು ಹೊಸ ಉಪಕರಣದ ಮೇಲೆ ಹೊರಿಸುತ್ತಾನೆ.

ದೂರೆಲ್ಲವೂ ದೋಷವೇ?

1.0ಕ್ಕೆ ಮುಂಚಿನ ಆವೃತ್ತಿಗಳಲ್ಲಿ ಗಾಳಿಯ ತಡೆಯ ಲೆಕ್ಕ ಬಲು ಒರಟು. ತಡೆಗೆ ಬೇಕಾದ ಅಡ್ಡಕೊಯ್ತದ ವಿಸ್ತೀರ್ಣವನ್ನು ಆಕಾರದಿಂದ ಅಳೆಯದೆ, ಕಿಲೋಗ್ರಾಮಿನಲ್ಲಿರುವ ರಾಶಿಯನ್ನು 0.008ರಿಂದ ಗುಣಿಸಿ 'ಇಷ್ಟು ಚದರ ಮೀಟರು' ಎಂದುಬಿಡುತ್ತಿತ್ತು. ಬಹುತೇಕ ಭಾಗಗಳ ತಡೆ ಗುಣಾಂಕ 0.2. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿ.ಗ್ರಾಂ. ಎಂದಿಟ್ಟುಕೊಂಡು ಬೀಳುವ ವಸ್ತುವಿನ ಅಂತಿಮ ವೇಗವನ್ನು ನಿಮ್ಮ ವಿದ್ಯಾರ್ಥಿಗಳಿಂದ ಲೆಕ್ಕ ಹಾಕಿಸಿ. ರಾಶಿ ಎರಡೂ ಕಡೆ ಹೊಡೆದುಹೋಗಿ ಸೆಕೆಂಡಿಗೆ ಸುಮಾರು 100 ಮೀಟರು ಬರುತ್ತದೆ. ಹಗುರಾದ ಪೆಟ್ಟಿಗೆಗೂ ಭಾರಿ ರಾಕೆಟ್ಟಿಗೂ ಅದೇ. ಚೂಪು ಮೂತಿ ತೊಡಿಸಿದರೆ ರಾಶಿ ಹೆಚ್ಚಿ ತಡೆಯೂ ಹೆಚ್ಚುತ್ತಿತ್ತು! ಇಂಧನ ಉರಿದಂತೆ ತಡೆ ಕುಗ್ಗುತ್ತಿತ್ತು.

ಆಟಗಾರರು ಇದನ್ನು ಪತ್ತೆ ಮಾಡಿದರು. ದೂರಿ ಸುಮ್ಮನಾಗದೆ, ಅವರಲ್ಲೊಬ್ಬರು ಆಕಾರವನ್ನು ಗಣಿಸಿ ಲೆಕ್ಕ ಹಾಕುವ ಫೆರಮ್ ಏರೋಸ್ಪೇಸ್ ರಿಸರ್ಚ್ ಎಂಬ ಬದಲಿ ತಂತ್ರಾಂಶವನ್ನೇ ಬರೆದು ಹಂಚಿದರು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ವರದಿ ಇಲ್ಲ. ತಯಾರಕರು 1.0ರಲ್ಲಿ ತಮ್ಮದೇ ಹೊಸ ಲೆಕ್ಕವನ್ನು ತಂದರು.

ಆಗ ದೂರುಗಳ ಇನ್ನೊಂದು ಅಲೆ ಎದ್ದಿತು. ಹಳೆಯ ಆಟದಲ್ಲಿ 10 ಕಿ.ಮೀ. ನೇರ ಮೇಲೇರಿ, ಒಮ್ಮೆಗೇ 45 ಡಿಗ್ರಿ ಬಾಗಿಸುವುದು ಎಲ್ಲರ ರೂಢಿ. ಹೊಸದರಲ್ಲಿ ಹಾಗೆ ಮಾಡಿದರೆ ರಾಕೆಟ್ ಪಲ್ಟಿ ಹೊಡೆಯುತ್ತಿತ್ತು. ಆಟ ಕೆಟ್ಟಿತು ಎಂದರು. ನಿಜವಾಗಿ ಆಟ ಸರಿಹೋಗಿತ್ತು. ದಟ್ಟ ಗಾಳಿಯಲ್ಲಿ ನಿಜವಾದ ರಾಕೆಟ್ಟನ್ನೂ ಹಾಗೆ ಬಾಗಿಸಲಾಗದು, ಸ್ವಲ್ಪಸ್ವಲ್ಪವಾಗಿ ತಿರುಗಿಸಬೇಕು. ಹಾಗೆಂದು ದೂರುಗಳೆಲ್ಲ ಹುಸಿಯೂ ಅಲ್ಲ. ಬಿಡುಗಡೆಯಾದ ವಾರದೊಳಗೇ ತಡೆ ಮತ್ತು ಶಾಖದ ಲೆಕ್ಕಗಳನ್ನು ಮತ್ತೆ ತಿದ್ದಬೇಕಾಯಿತು. ಯಾವುದು ದೋಷ, ಯಾವುದು ಬರೀ ಅಭ್ಯಾಸಬಲ ಎಂಬುದನ್ನು ಬೇರ್ಪಡಿಸುವುದೇ ತಯಾರಕರ ಕಷ್ಟದ ಕೆಲಸ.

2017ರಲ್ಲಿ ಅಮೆರಿಕದ ಟೇಕ್-ಟೂ ಸಂಸ್ಥೆ ಈ ಆಟದ ಹಕ್ಕನ್ನು ಕೊಂಡಿತು. ಎರಡನೆಯ ಆಟ 2023ರ ಫೆಬ್ರವರಿ 24ರಂದು, ಅಪೂರ್ಣವೆಂದು ಹೇಳಿಯೇ, ಸುಮಾರು 50 ಡಾಲರಿಗೆ ಮಾರಾಟಕ್ಕೆ ಬಂತು. ಅದರಲ್ಲಿ ಎಂಜಿನ್ ಆರಿಸಿದ ನೌಕೆಯ ಕಕ್ಷೆ ತಾನಾಗಿ ಕುಗ್ಗುತ್ತಿತ್ತು! ನಿರ್ವಾತದಲ್ಲಿ ಶಕ್ತಿ ಎಲ್ಲಿಗೆ ಸೋರಬೇಕು? ತಂಡ ಆಟಗಾರರ ಮತಗಳನ್ನು ಎಣಿಸಿ, ಮುಖ್ಯ ದೋಷಗಳ ಸ್ಥಿತಿಗತಿಯನ್ನು ಆಗಾಗ ಪ್ರಕಟಿಸಿತು. ಎಷ್ಟು ಜನಕ್ಕೆ ನೋವಾಗಿದೆ ಎಂಬುದನ್ನು ಮತ ತಿಳಿಸುತ್ತದೆ. ಮೂಲ ಎಷ್ಟು ಆಳದಲ್ಲಿದೆ ಎಂಬುದನ್ನಲ್ಲ. ಕಕ್ಷೆಯ ದೋಷ ಆ ವರ್ಷದೊಳಗೆ ತಿದ್ದಿಹೋಯಿತು.

ಮಾರಾಟದ ದಿನ ತೋರಿಸಿದ ಯೋಜನಾ ನಕ್ಷೆಯಲ್ಲಿ ವಿಜ್ಞಾನ ಪ್ರಯೋಗಗಳು, ಬೇರೆ ಗ್ರಹಗಳಲ್ಲಿ ವಸಾಹತು, ನಕ್ಷತ್ರಗಳ ನಡುವಿನ ಯಾನ, ಹಲವರು ಕೂಡಿ ಆಡುವ ಅನುಕೂಲ ಎಲ್ಲವೂ ಇದ್ದವು. ಮೊದಲನೆಯದು 2023ರ ಡಿಸೆಂಬರಿನಲ್ಲಿ ಬಂತು. ಮಿಕ್ಕವು ಬರುವ ಮೊದಲೇ, 2024ರಲ್ಲಿ, ಸಿಯಾಟಲ್‌ನಲ್ಲಿದ್ದ ತಯಾರಕ ತಂಡವನ್ನು ಮುಚ್ಚಲಾಯಿತು. ಆಟಗಾರರು ವರದಿ ಕಳುಹಿಸುವುದರಲ್ಲಿ ಕೊರತೆ ಮಾಡಿರಲಿಲ್ಲ. ಆ ಆಟಕ್ಕೆ ಕೊನೆಯ ತಿದ್ದುಪಡಿ ಬಂದದ್ದು ಅದೇ ವರ್ಷದ ಜೂನ್‌ನಲ್ಲಿ.