ಊಟಕ್ಕಿಲ್ಲದ ಉಪ್ಪಿನಕಾಯಿ: ಪಾರ್ಸೆಲ್ ವ್ಯಾಪಾರಕ್ಕೊಂದು ಎಚ್ಚರಿಕೆ

"ಊಟಕ್ಕಿಲ್ಲದ ಉಪ್ಪಿನಕಾಯಿ" ಎಂಬ ಗಾದೆ ನಮ್ಮೆಲ್ಲರಿಗೂ ಪರಿಚಿತವೇ. ಈ ಗಾದೆಯು ಅಕ್ಷರಶಃ ನಿಜವಾಗಿ, ಹೋಟೆಲೊಂದಕ್ಕೆ ಮೂವತ್ತೈದು ಸಾವಿರ ರೂಪಾಯಿಗಳ ಹೊರೆಯಾಗಿ ಪರಿಣಮಿಸಿದ ಪ್ರಸಂಗ ನೆರೆಯ ತಮಿಳುನಾಡಿನ ವಿಲ್ಲುಪುರಂನಲ್ಲಿ ನಡೆದಿದೆ. 2022ರ ನವೆಂಬರ್‌ನಲ್ಲಿ ಅಲ್ಲಿನ ಗ್ರಾಹಕರೊಬ್ಬರು ಬಂಧುವಿನ ವರ್ಷಾಬ್ದಿಕದ ನಿಮಿತ್ತ ತಲಾ 80 ರೂಪಾಯಿಯಂತೆ 25 ಊಟಗಳನ್ನು ಪಾರ್ಸೆಲ್ ಪಡೆದರು. ಪೊಟ್ಟಣಗಳನ್ನು ಬಿಚ್ಚಿದಾಗ ಪಟ್ಟಿಯಲ್ಲಿ ಹೇಳಿದ್ದ ಉಪ್ಪಿನಕಾಯಿ ಯಾವುದರಲ್ಲಿಯೂ ಇರಲಿಲ್ಲ. ತಲಾ ಒಂದು ರೂಪಾಯಿಯಂತೆ 25 ರೂಪಾಯಿ ಹಿಂದಿರುಗಿಸಿರೆಂಬ ಅವರ ಬೇಡಿಕೆಗೆ ಹೋಟೆಲಿನವರು ಒಪ್ಪಲಿಲ್ಲ. ಪ್ರಕರಣವು ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲೇರಿತು. 2024ರಲ್ಲಿ ಹೊರಬಿದ್ದ ತೀರ್ಪಿನಂತೆ ಹೋಟೆಲು ತೆರಬೇಕಾದುದು ಮಾನಸಿಕ ಯಾತನೆಗಾಗಿ 30,000 ರೂ., ವ್ಯಾಜ್ಯದ ವೆಚ್ಚಕ್ಕಾಗಿ 5,000 ರೂ. ಮತ್ತು ಉಪ್ಪಿನಕಾಯಿಯ ಬಾಬ್ತು 25 ರೂ.

ಇದು ಪರರಾಜ್ಯದ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ನಮ್ಮ ಧಾರವಾಡದಲ್ಲಿಯೇ 2023ರ ಆಗಸ್ಟ್ 31ರಂದು ಗ್ರಾಹಕಿಯೊಬ್ಬರು ಜೊಮ್ಯಾಟೊ ಮೂಲಕ 133 ರೂಪಾಯಿ 25 ಪೈಸೆಯ ಮೊಮೊ ತರಿಸಲು ಹಣ ಪಾವತಿಸಿದ್ದರು. ತಿನಿಸು ಕೈಸೇರಲಿಲ್ಲ. ಹಣ ಮರಳಿದುದು 2024ರ ಮೇ ತಿಂಗಳಲ್ಲಿ. ಆ ವರ್ಷದ ಜುಲೈನಲ್ಲಿ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗವು ಪರಿಹಾರ ಮತ್ತು ವೆಚ್ಚ ಸೇರಿ 60,000 ರೂ. ನೀಡುವಂತೆ ಆದೇಶಿಸಿತು. ಎರಡೂ ಪ್ರಕರಣಗಳಲ್ಲಿ ಮೂಲ ನಷ್ಟ ಅತ್ಯಲ್ಪ. ದುಬಾರಿಯಾದುದು ದೂರಿಗೆ ಕೂಡಲೇ ಸ್ಪಂದಿಸದಿದ್ದ ಧೋರಣೆ.

ನಮ್ಮ ಭಾಗಕ್ಕೆ ಇದೇಕೆ ಮುಖ್ಯ?

ಸೋಸಲೆ, ತಿರುಮಕೂಡಲು ನರಸೀಪುರ, ತಲಕಾಡು, ನಂಜನಗೂಡು: ಇವೆಲ್ಲವೂ ಯಾತ್ರಿಕರು ಬಂದುಹೋಗುವ ಸ್ಥಳಗಳು. ಸೋಸಲೆಯಲ್ಲಿ ವ್ಯಾಸರಾಜ ಮಠವಿದೆ. ಕಾವೇರಿ-ಕಪಿಲೆಯರ ಸಂಗಮದಲ್ಲಿ 2025ರ ಫೆಬ್ರವರಿಯಲ್ಲಿ ಕುಂಭಮೇಳ ಜರುಗಿತು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯ ಜೊತೆಗೆ ಕೈಗಾರಿಕಾ ಪ್ರದೇಶವೂ ಇದೆ. ದಾರಿಹೋಕ ಯಾತ್ರಿಕನಾಗಲಿ, ಪಾಳಿ ಮುಗಿಸಿ ಹೊರಟ ಕಾರ್ಮಿಕನಾಗಲಿ ಪಾರ್ಸೆಲ್ ಕಟ್ಟಿಸಿಕೊಳ್ಳುವುದು ಸಹಜ.

ಎಲೆಯೂಟಕ್ಕೂ ಪಾರ್ಸೆಲ್ ಊಟಕ್ಕೂ ಒಂದು ಮೂಲಭೂತ ವ್ಯತ್ಯಾಸವುಂಟು. ಪಂಕ್ತಿಯಲ್ಲಿ ಕುಳಿತವನಿಗೆ ಉಪ್ಪಿನಕಾಯಿ ಬಾರದಿದ್ದರೆ ಬಡಿಸುವವರನ್ನು ಕೂಗಿ ಕೇಳುತ್ತಾನೆ, ಅಲ್ಲಿಗೆ ಲೋಪ ಮುಗಿಯಿತು. ಪೊಟ್ಟಣವನ್ನಾದರೋ ಗ್ರಾಹಕನು ಬಿಚ್ಚುವುದು ಹತ್ತಾರು ಮೈಲಿ ದೂರದಲ್ಲಿ, ಹಸಿದ ಹೊತ್ತಿನಲ್ಲಿ. ಆಗ ತಿದ್ದುವ ಅವಕಾಶ ಇಬ್ಬರಿಗೂ ಇರುವುದಿಲ್ಲ.

2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯು 2020ರ ಜುಲೈನಿಂದ ಜಾರಿಯಲ್ಲಿದ್ದು, ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಅಂದರೆ ನರಸೀಪುರದಲ್ಲಿ ಕಟ್ಟಿಕೊಟ್ಟ ಊಟಕ್ಕಾಗಿ ಹೋಟೆಲಿನವರು ಬೆಂಗಳೂರಿನ ಆಯೋಗಕ್ಕೆ ಉತ್ತರಿಸಬೇಕಾಗಿ ಬರಬಹುದು. ಐದು ಲಕ್ಷ ರೂಪಾಯಿವರೆಗಿನ ಮೌಲ್ಯದ ಪ್ರಕರಣಗಳಿಗೆ ಶುಲ್ಕವಿಲ್ಲ, ದೂರು ನೀಡಲು ಎರಡು ವರ್ಷಗಳ ಕಾಲಾವಕಾಶವಿದೆ.

ಆಹಾರದ ಗುಣಧರ್ಮ

ಊಟ ನಿರಾಶೆ ತರುವುದು ಕೇವಲ ಕೊರತೆಯಿಂದಲ್ಲ. ಕಾವಲಿಯಿಂದ ಇಳಿದ ಗರಿಗರಿ ದೋಸೆಯನ್ನು ಬಿಸಿಯಾಗಿಯೇ ಮುಚ್ಚಿಟ್ಟರೆ ತನ್ನದೇ ಹಬೆಯಲ್ಲಿ ಮೆತ್ತಗಾಗುತ್ತದೆ. ಸಾಂಬಾರಿನಲ್ಲಿ ಮುಳುಗಿಸಿ ಕಟ್ಟಿದ ವಡೆ ಊಟದ ಹೊತ್ತಿಗೆ ಕರಗಿರುತ್ತದೆ. ಬಿಸಿಬೇಳೆಬಾತ್ ತಣಿದಂತೆ ಗಟ್ಟಿಯಾಗುವುದರಿಂದ ಪಾರ್ಸೆಲಿಗೆ ಸ್ವಲ್ಪ ತೆಳುವಾಗಿಯೇ ಇರಬೇಕು. ಇಡ್ಲಿ, ಚಪಾತಿ, ಚಿತ್ರಾನ್ನಗಳು ಪ್ರಯಾಣವನ್ನು ತಾಳಿಕೊಳ್ಳುತ್ತವೆ. ಆದ್ದರಿಂದ ಪಾರ್ಸೆಲಿಗೆ ಯೋಗ್ಯವಾದ ತಿನಿಸುಗಳ ಪ್ರತ್ಯೇಕ ಪಟ್ಟಿ ಇಟ್ಟುಕೊಂಡು, ಉಳಿದವುಗಳ ಬಗ್ಗೆ ಗ್ರಾಹಕರಿಗೆ ಮೊದಲೇ ತಿಳಿಸುವುದು ಜಾಣತನ.

ರುಚಿಗಿಂತಲೂ ಗಂಭೀರವಾದುದು ಆರೋಗ್ಯ. ಬಿಸಿ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕೆಂಬುದು ನಿಯಮ. ಅನ್ನದಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಬೇಯಿಸಿದರೂ ಉಳಿದು, ಬೆಚ್ಚಗಿನ ಅನ್ನದಲ್ಲಿ ವೃದ್ಧಿಯಾಗಬಲ್ಲವು. ಬೆಳಿಗ್ಗೆಯೇ ಕಟ್ಟಿಟ್ಟ ಪೊಟ್ಟಣವನ್ನು ಮಧ್ಯಾಹ್ನ ಮಾರುವುದು ಅಪಾಯಕ್ಕೆ ಆಹ್ವಾನವಿತ್ತಂತೆ.

ಕಟ್ಟುವ ವಸ್ತು, ಕೊಡುವ ರಸೀದಿ

ವೃತ್ತಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು 2018ರ ಪ್ಯಾಕೇಜಿಂಗ್ ನಿಯಮಾವಳಿಯು ನಿಷೇಧಿಸಿದೆ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳಿಗೆ ನಿಷೇಧವಿದೆ. 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ಕೇಂದ್ರದ ನಿಷೇಧವೂ ಬಂದಿದೆ. ಬಾಳೆ ಬೆಳೆಯುವ ನಮ್ಮ ಸೀಮೆಯಲ್ಲಿ ಬಾಳೆ ಎಲೆಯ ಪೊಟ್ಟಣ ಕಟ್ಟುವುದು ಕಷ್ಟವೇನಲ್ಲ. ಅಡಿಕೆ ಹಾಳೆಯ ತಟ್ಟೆಯೂ ಒಳ್ಳೆಯ ಪರ್ಯಾಯ. ಇದರಿಂದ ಸ್ಥಳೀಯ ಸಣ್ಣ ಉತ್ಪಾದಕರಿಗೂ ಆದಾಯ ದೊರೆಯುವುದು.

ರಸೀದಿಯ ವಿಷಯದಲ್ಲಿ ಉದಾಸೀನ ಸಲ್ಲದು. 2022ರ ಜನವರಿಯಿಂದ ರಸೀದಿಯ ಮೇಲೆ ಆಹಾರ ಸುರಕ್ಷತಾ ಪರವಾನಗಿಯ ಅಥವಾ ನೋಂದಣಿಯ 14 ಅಂಕಿಗಳ ಸಂಖ್ಯೆ ನಮೂದಿಸುವುದು ಕಡ್ಡಾಯ. ಸಾಮಾನ್ಯ ಹೋಟೆಲುಗಳಿಗೆ ಕುಳಿತು ಉಣ್ಣುವ ಊಟಕ್ಕೂ ಪಾರ್ಸೆಲಿಗೂ ಜಿಎಸ್‌ಟಿ ಶೇ. 5 ಮಾತ್ರ. ರಾಜಿ ತೆರಿಗೆ ಪದ್ಧತಿಯಲ್ಲಿರುವವರು ಗ್ರಾಹಕರಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಪಾರ್ಸೆಲ್ ಶುಲ್ಕವಿದ್ದಲ್ಲಿ ಮೊದಲೇ ಫಲಕದಲ್ಲಿ ತಿಳಿಸಿದರೆ ಜಗಳಕ್ಕೆ ಆಸ್ಪದವಿರದು.

ಅನುಸರಿಸಬಹುದಾದ ಕ್ರಮಗಳು

1. ಪ್ರತಿ ಊಟದ ಪದಾರ್ಥಗಳ ಚೀಟಿಯೊಂದನ್ನು ಕಟ್ಟುವ ಸ್ಥಳದಲ್ಲಿ ಅಂಟಿಸಿ, ಒಬ್ಬರು ಕಟ್ಟಿದ್ದನ್ನು ಮತ್ತೊಬ್ಬರು ತಾಳೆ ನೋಡಬೇಕು.
2. ಪೊಟ್ಟಣದ ಮೇಲೆ ಕಟ್ಟಿದ ವೇಳೆ, ಇಂತಿಷ್ಟು ಹೊತ್ತಿನೊಳಗೆ ಸೇವಿಸಬೇಕೆಂಬ ಸೂಚನೆ ಹಾಗೂ ದೂರವಾಣಿ ಸಂಖ್ಯೆ ಇರಲಿ.
3. ಸಗಟು ಬೇಡಿಕೆಗಳಿಗೆ ಪದಾರ್ಥ, ಸಂಖ್ಯೆ, ದರ, ವೇಳೆಗಳನ್ನು ನಮೂದಿಸಿದ ಪತ್ರಕ್ಕೆ ಇಬ್ಬರ ಸಹಿಯೂ ಇರಲಿ. ಕಾರ್ಖಾನೆಗಳಿಗಾಗಿ ಊಟ ತರಿಸುವ ಮಾಲೀಕರೂ ಇದನ್ನು ಕೇಳಿ ಪಡೆಯಬೇಕು.
4. ಲೋಪ ಕಂಡುಬಂದಲ್ಲಿ ಹಣ ಹಿಂದಿರುಗಿಸುವ ಅಧಿಕಾರವನ್ನು ಗಲ್ಲಾದಲ್ಲಿ ಕುಳಿತವರಿಗೇ ಕೊಡಬೇಕು. ಮಾಲೀಕರು ಬರಲೆಂದು ಕಾಯಿಸಿದರೆ ಅಸಮಾಧಾನ ಬೆಳೆಯುತ್ತದೆ.

ಉದಾಹರಣೆಗೆ ಒಂದು ಊಟದಲ್ಲಿ ಹತ್ತು ರೂಪಾಯಿ ಉಳಿಯುವುದೆಂದು ಭಾವಿಸಿದರೂ, ವಿಲ್ಲುಪುರಂನ ದಂಡವನ್ನು ತುಂಬಿಕೊಳ್ಳಲು 3,500ಕ್ಕೂ ಹೆಚ್ಚು ಊಟ ಮಾರಬೇಕಾಗುತ್ತದೆ. ಇದು ಆಯೋಗದವರೆಗೆ ಹೋದವರ ಲೆಕ್ಕ. ಬಹುಪಾಲು ಗ್ರಾಹಕರು ದೂರು ಕೊಡುವುದೇ ಇಲ್ಲ, ಮುಂದಿನ ಸಲ ಪಕ್ಕದ ಹೋಟೆಲಿನ ಮುಂದೆ ವಾಹನ ನಿಲ್ಲಿಸುತ್ತಾರೆ. ಆ ನಷ್ಟ ಯಾವ ಖಾತೆ ಪುಸ್ತಕದಲ್ಲಿಯೂ ಕಾಣಿಸದು. ವರ್ತಕ ಬಂಧುಗಳು ಪೊಟ್ಟಣಕ್ಕೆ ದಾರ ಸುತ್ತುವ ಮುನ್ನ ಒಮ್ಮೆ ಎಣಿಸಿ ನೋಡುವುದು ಲೇಸು.