ತುಮಕೂರಿನ ಕೆಮ್ಮು, ಬೆಂಗಳೂರಿನ ಯಂತ್ರ

ಕ್ಷಯರೋಗಿಯು ಅಜ್ಞಾನದಿಂದಲೋ ಭಯದಿಂದಲೋ ಆಸ್ಪತ್ರೆಯತ್ತ ಸುಳಿಯುವುದಿಲ್ಲವೆಂಬುದು ಒಂದು ಕಾಲದ ವೈದ್ಯವಿದ್ವಾಂಸರ ದೃಢವಾದ ನಂಬಿಕೆಯಾಗಿದ್ದಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪರವಾಗಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು ಆ ನಂಬಿಕೆಯನ್ನು ಬುಡಮೇಲು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿದ್ದಿತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ತುಳಿದಿದ್ದರು. ಅಲ್ಲಿ ಅವರಿಗೆ ಬಹುಮಟ್ಟಿಗೆ ದೊರೆತುದು ಕೆಮ್ಮಿನ ಔಷಧದ ಸೀಸೆ. ರೋಗಾಣುವನ್ನು ಎದೆಯಲ್ಲಿ ಹೊತ್ತವನು ಎದುರಿಗೇ ಕುಳಿತಿದ್ದರೂ ಅವನನ್ನು ಗುರುತಿಸದೆ ಮನೆಗೆ ಕಳುಹಿದ ಈ ವ್ಯವಸ್ಥೆಯು, ಜನರ ಮೌಢ್ಯವನ್ನು ಹಳಿಯುತ್ತ ಕುಳಿತಿದ್ದುದು ಲಜ್ಜಾಸ್ಪದವೆಂದೇ ನನ್ನ ಅಭಿಪ್ರಾಯ.

ದೋಷವೆಲ್ಲವೂ ಮನುಷ್ಯರದೆನ್ನಲಾಗದು. ಒಂದು ಮಿಲಿಲೀಟರು ಕಫದಲ್ಲಿ ಸುಮಾರು 10,000 ರೋಗಾಣುಗಳಿಲ್ಲದಿದ್ದರೆ ಸೂಕ್ಷ್ಮದರ್ಶಕಕ್ಕೆ ಅವು ಗೋಚರಿಸುವುದು ದುರ್ಲಭ. ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡೋಣವೆಂದರೆ ವಾರಗಟ್ಟಲೆ ಕಾಯಬೇಕು. 1983ರಲ್ಲಿ ಅಮೆರಿಕದ ಕ್ಯಾರಿ ಮಲ್ಲಿಸ್, ಡಿಎನ್‌ಎಯ ತುಣುಕೊಂದನ್ನು ಇಮ್ಮಡಿಸುತ್ತ ಕೋಟ್ಯಂತರವಾಗಿಸುವ ಪಿಸಿಆರ್ ವಿಧಾನವನ್ನು ಕಂಡುಹಿಡಿದ ಮೇಲೆ ಈ ತೊಡಕು ಸಡಿಲಿತು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ಇದೇ ವಿಧಾನದ ಜೀನ್‌ಎಕ್ಸ್‌ಪರ್ಟ್ ಯಂತ್ರವು ಎರಡು ಗಂಟೆಗಳೊಳಗೆ ಉತ್ತರವೀಯುತ್ತಿದ್ದರೂ, ತಡೆಯಿಲ್ಲದ ವಿದ್ಯುತ್ತನ್ನೂ ತಣ್ಣಗಿನ ಕೊಠಡಿಯನ್ನೂ ಬೇಡುವ ಆ ಅತಿಥಿಗೆ ನಮ್ಮ ಗ್ರಾಮಾಂತರದ ಆಸ್ಪತ್ರೆಗಳು ಒಗ್ಗಲಿಲ್ಲ.

ಒಗ್ಗುವಂತಹುದು ಹುಟ್ಟಿದುದು ಮತ್ತೆ ಬೆಂಗಳೂರಿನಲ್ಲಿಯೇ. ಬಿಗ್‌ಟೆಕ್ ಪ್ರಯೋಗಾಲಯದವರು ರೂಪಿಸಿ, ಗೋವೆಯ ಮೋಲ್‌ಬಯೋ ಸಂಸ್ಥೆಯವರು ತಯಾರಿಸುವ ಟ್ರೂನ್ಯಾಟ್ ಯಂತ್ರವು ಬ್ಯಾಟರಿಯ ಬಲದಿಂದ ನಡೆಯುವುದು. ಕಫದಿಂದ ಬೇರ್ಪಡಿಸಿದ ಡಿಎನ್‌ಎಯನ್ನು ಪುಟ್ಟದೊಂದು ಚಿಪ್‌ನ ಮೇಲೆ ಪರೀಕ್ಷಿಸಿ ಸುಮಾರು ಒಂದು ಗಂಟೆಯಲ್ಲಿ ರೋಗಾಣುವಿದೆಯೇ ಎಂಬುದನ್ನೂ, ಮತ್ತೊಂದು ಪರೀಕ್ಷೆಯಿಂದ ಅದು ರಿಫಾಂಪಿಸಿನ್ ಔಷಧಕ್ಕೆ ಮಣಿಯುವುದೇ ಎಂಬುದನ್ನೂ ತಿಳಿಸುವುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಅನುಮೋದಿಸಿತು. ತುಮಕೂರಿನ ಅಧ್ಯಯನದಿಂದ ಇಲ್ಲಿಗೆ ಐವತ್ತೇಳು ವರ್ಷಗಳು! ಪ್ರಶ್ನೆಯನ್ನೆತ್ತಿದ ನಗರವೇ ಉತ್ತರವನ್ನೀಯಲು ಇಷ್ಟು ಕಾಲ ಹಿಡಿಯಿತೆಂಬುದು ನನ್ನನ್ನು ಕೆರಳಿಸುತ್ತದೆ.

ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ತಾಳವಾಡಿ ಬೆಟ್ಟದ ಗೆಟ್ಟವಾಡಿಯಂತಹ ಕನ್ನಡದ ಹಳ್ಳಿಯವರಿಗೆ ಈ ಬ್ಯಾಟರಿಯ ಮಾತು ಅಲ್ಪವಾದುದಲ್ಲ. ಅವರು ತಮ್ಮದೇ ಜಿಲ್ಲೆಯ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನಿಳಿಯಬೇಕು; ಇತ್ತ ಚಾಮರಾಜನಗರಕ್ಕೆ ಬರಬೇಕಾದರೆ ರಾಜ್ಯದ ಗಡಿಯನ್ನೇ ದಾಟಬೇಕು. ಕೆಮ್ಮು ಎರಡು ವಾರ ಮೀರಿದವರು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಕಫಪರೀಕ್ಷೆಯನ್ನು ತಾವಾಗಿಯೇ ಕೇಳಿ ಮಾಡಿಸಿಕೊಳ್ಳಲಿ, ಅದಕ್ಕೆ ಶುಲ್ಕವಿಲ್ಲ.